ಬಿಸಿ ಕಾವಲಿ, ತಣ್ಣನೆಯ ಸಿಲಿಂಡರ್

ಕೋಲಾರದಿಂದ ಮುಳಬಾಗಿಲಿಗೆ ಬೆಳಗಿನ ಜಾವ ಪ್ರಯಾಣ ಮಾಡಿದವರಿಗೆ ರಸ್ತೆ ಬದಿಯ ದೋಸೆ ಗಾಡಿಗಳು ಹೊಸವೇನಲ್ಲ. ತಳ್ಳುಗಾಡಿಯ ಮೇಲೆ ಮೂರಡಿ ಅಗಲದ ದಪ್ಪ ಕಬ್ಬಿಣದ ಕಾವಲಿ, ಅದರಡಿ ಗ್ಯಾಸ್ ಒಲೆ, ಪಕ್ಕದಲ್ಲೇ ಸಿಲಿಂಡರ್. ಮಾಲೂರು, ಶ್ರೀನಿವಾಸಪುರಗಳಲ್ಲೂ ಇದೇ ನೋಟ. ಡಿಸೆಂಬರ್ ಚಳಿಯಲ್ಲಿ ಇಂಥ ಗಾಡಿಯ ಮುಂದೆ ದೋಸೆಗೆ ಕಾಯುತ್ತ ನಿಂತಾಗ ಒಮ್ಮೆ ಸಿಲಿಂಡರಿನ ಕಡೆ ಕಣ್ಣು ಹಾಯಿಸಿ. ಅದರ ಕೆಳಭಾಗ ಬೆವರಿರುತ್ತದೆ. ಕೆಲವೊಮ್ಮೆ ಬಿಳಿಯ ಹಿಮದ ಪದರವೂ ಕಾಣುತ್ತದೆ. ಅದೇ ಹೊತ್ತಿಗೆ ಒಲೆಯ ಉರಿಯೂ ಕುಗ್ಗಿರುತ್ತದೆ. ಆಗ ಗಾಡಿಯವರು ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ಇಲ್ಲವೆ ಅದರ ಮೇಲೆ ಬಿಸಿನೀರು ಸುರಿಯುತ್ತಾರೆ. ಉರಿಯೇನೋ ಮತ್ತೆ ಏರುತ್ತದೆ. ಆದರೆ ಈ ಎರಡು ಉಪಾಯಗಳೂ ಏಕೆ ಅಪಾಯಕಾರಿ?

ಸಿಲಿಂಡರಿನೊಳಗೆ ಬಹುಪಾಲು ಇರುವುದು ಅನಿಲವಲ್ಲ, ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವನ್ನು ಒತ್ತಡದಿಂದ ದ್ರವವಾಗಿಸಿ ತುಂಬಿರುತ್ತಾರೆ. ನಾವು ಒಲೆಯ ತಿರುಪು ತೆರೆದಾಗ ಮೇಲಿನ ಆವಿ ಹೊರಹೋಗುತ್ತದೆ. ಅದರ ಜಾಗ ತುಂಬಲು ದ್ರವ ಕುದಿದು ಆವಿಯಾಗುತ್ತದೆ. ದ್ರವ ಆವಿಯಾಗಲು ಗುಪ್ತೋಷ್ಣ ಬೇಕಷ್ಟೆ. ಒಂದು ಕಿಲೋಗ್ರಾಂ ದ್ರವಕ್ಕೆ ಇದು ಸುಮಾರು 370 ಕಿಲೋಜೂಲ್. ದೊಡ್ಡ ಕಾವಲಿಯ ಒಲೆ ಗಂಟೆಗೆ ಒಂದು ಕಿಲೋಗ್ರಾಂ ಅನಿಲ ಉರಿಸಿದರೆ ಸಿಲಿಂಡರಿನೊಳಕ್ಕೆ ಎಡೆಬಿಡದೆ ಸುಮಾರು 100 ವಾಟ್ ಉಷ್ಣ ಹರಿಯಬೇಕು. ಹರಿಯುವುದು ಎಲ್ಲಿಂದ? ಸುತ್ತಲಿನ ಗಾಳಿಯಿಂದ, ಉಕ್ಕಿನ ಗೋಡೆಯ ಮೂಲಕ. ಗೋಡೆಯು ಗಾಳಿಗಿಂತ ತಣ್ಣಗಿದ್ದರೆ ಮಾತ್ರ ಉಷ್ಣ ಒಳಗೆ ಹರಿದೀತು. ಹಾಗಾಗಿ ಸಿಲಿಂಡರ್ ತಾನಾಗಿಯೇ ತಣ್ಣಗಾಗುತ್ತದೆ. ಮನೆಯ ಒಲೆಗೆ ಇದರ ಐದನೇ ಒಂದು ಭಾಗದಷ್ಟೂ ಸಾಕು. ಅದಕ್ಕೇ ಅಡುಗೆಮನೆಯಲ್ಲಿ ಇದು ನಮ್ಮ ಗಮನಕ್ಕೆ ಬರುವುದಿಲ್ಲ.

ದ್ರವದ ಮಟ್ಟ ಇಳಿದಂತೆ ಅದು ತಾಗುವ ಗೋಡೆಯ ವಿಸ್ತಾರವೂ ಕಡಿಮೆಯಾಗುತ್ತದೆ, ತಂಪು ಹೆಚ್ಚುತ್ತದೆ. ಇನ್ನೊಂದು ಸಂಗತಿಯೂ ಇದೆ. ಪ್ರೊಪೇನ್‌ನ ಕುದಿಬಿಂದು –42 ಡಿಗ್ರಿ ಸೆಲ್ಸಿಯಸ್, ಬ್ಯೂಟೇನ್‌ನದು –0.5 ಡಿಗ್ರಿ. ಆದ್ದರಿಂದ ಪ್ರೊಪೇನ್ ಮುಂಚಿತವಾಗಿ ಹೆಚ್ಚು ಆವಿಯಾಗಿ, ಕೊನೆಗೆ ಉಳಿಯುವ ದ್ರವದಲ್ಲಿ ಬ್ಯೂಟೇನ್ ಪಾಲು ಜಾಸ್ತಿಯಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಬ್ಯೂಟೇನ್‌ನ ಆವಿಒತ್ತಡ ವಾಯುಮಂಡಲದ ಒತ್ತಡಕ್ಕೆ ಸರಿಸುಮಾರು ಸಮ. ಒಳಗಿನಿಂದ ಹೊರಗೆ ತಳ್ಳುವ ಬಲವೇ ಇಲ್ಲವಾದ ಮೇಲೆ ಉರಿ ಎಲ್ಲಿಂದ ಬರಬೇಕು? ಗಾಡಿಯವರು ‘ಗ್ಯಾಸ್ ಇದೆ, ಆದರೆ ಬರುತ್ತಿಲ್ಲ’ ಎನ್ನುವುದು ಭೌತವಿಜ್ಞಾನದ ದೃಷ್ಟಿಯಿಂದ ಅಕ್ಷರಶಃ ನಿಜ.

ಈಗ ಮಲಗಿಸುವ ವಿಚಾರ. ಸಿಲಿಂಡರ್ ಮಲಗಿದರೆ ಕವಾಟದ ಬಾಯಿಗೆ ಆವಿಯ ಬದಲು ದ್ರವವೇ ಬರಬಹುದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಅನಿಲ. ರೆಗ್ಯುಲೇಟರನ್ನು ಮಾಡಿರುವುದು ಅನಿಲಕ್ಕಾಗಿ; ದ್ರವ ಅದನ್ನು ದಾಟಿ ರಬ್ಬರ್ ಕೊಳವೆ ಸೇರಿ ಅಲ್ಲಿ ಹಿಗ್ಗಿದರೆ, ಕಾವಲಿಯ ಅಂಚಿನಿಂದ ಆಳೆತ್ತರದ ಜ್ವಾಲೆ ಏಳುತ್ತದೆ. ದೋಸೆ ಹುಯ್ಯುವವರ ಮುಖ ಅಲ್ಲೇ ಇರುತ್ತದೆ.

ಬಿಸಿನೀರಿನ ಅಪಾಯ ಬೇರೆ ಬಗೆಯದು. ಈ ದ್ರವ ಬಿಸಿಗೆ ನೀರಿಗಿಂತ ಹತ್ತು ಪಟ್ಟಿನಷ್ಟು ಹೆಚ್ಚು ಹಿಗ್ಗುತ್ತದೆ. ಅದಕ್ಕೆಂದೇ ತುಂಬುವಾಗ ಸುಮಾರು ಐದನೇ ಒಂದು ಭಾಗ ಖಾಲಿ ಬಿಟ್ಟಿರುತ್ತಾರೆ. ತುಂಬಿದ ಸಿಲಿಂಡರನ್ನು ಬಹಳ ಬಿಸಿಮಾಡಿದರೆ ಆ ಜಾಗ ಮುಗಿದು, ದ್ರವವೇ ಗೋಡೆಯನ್ನು ಒತ್ತತೊಡಗುತ್ತದೆ. ಖಾಲಿಯಾಗುತ್ತ ಬಂದ ಸಿಲಿಂಡರಿಗೆ ಉಗುರುಬೆಚ್ಚಗಿನ ನೀರು ಸುರಿದರೆ ಅಂಥ ಅನಾಹುತವಾಗದು ಎಂಬುದು ಸರಿಯೇ. ಆದರೆ ಅಭ್ಯಾಸವು ಉಗುರುಬೆಚ್ಚಗೆ ನಿಲ್ಲುವುದಿಲ್ಲ. ಕುದಿಯುವ ನೀರಿಗೂ, ಒಲೆಯ ಹತ್ತಿರಕ್ಕೆ ಸರಿಸುವುದಕ್ಕೂ ಹೋಗುತ್ತದೆ.

ಸರಿಯಾದ ಪರಿಹಾರ ಸರಳ. 19 ಕಿಲೋಗ್ರಾಂನ ಎರಡು ವಾಣಿಜ್ಯ ಸಿಲಿಂಡರುಗಳನ್ನು ಒಂದೇ ಕೊಳವೆಗೆ ಸಮಾಂತರವಾಗಿ, ವಿತರಕರಿಂದಲೇ ಜೋಡಿಸಿಕೊಳ್ಳುವುದು. ಆಗ ಒಂದೊಂದರಿಂದ ಹೊರಡುವ ಆವಿ ಅರ್ಧ, ತಾಪದ ಇಳಿಕೆಯೂ ಸುಮಾರು ಅರ್ಧ. ಮನೆಬಳಕೆಯ 14.2 ಕಿಲೋಗ್ರಾಂ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 2000ದ ಕೇಂದ್ರ ಆದೇಶದ ಪ್ರಕಾರ ನಿಷೇಧವೂ ಇದೆ.

‘ಬಯಲಿನಲ್ಲಿ ತಾನೆ, ಸೋರಿದರೂ ಗಾಳಿಗೆ ಹೋಗುತ್ತದೆ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಗಾಳಿಯ ಸರಾಸರಿ ಅಣುತೂಕ 29, ಪ್ರೊಪೇನ್‌ನದು 44, ಬ್ಯೂಟೇನ್‌ನದು 58. ಸೋರಿದ ಅನಿಲ ಮೇಲೇರದೆ ನೆಲ ಹಿಡಿದು ಹರಿದು ಚರಂಡಿಗೆ ಇಳಿಯುತ್ತದೆ. ಗಾಳಿಯಲ್ಲಿ ಅದು ಶೇಕಡಾ 2ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು. ಉರಿ ಆರದಿರಲೆಂದು ಗಾಡಿಯ ನಾಲ್ಕೂ ಬದಿಗೆ ತಗಡು ಕಟ್ಟಿದರಂತೂ ಬಯಲೇ ಕೋಣೆಯಾಗುತ್ತದೆ. ತಗಡು ಗಾಳಿ ಬೀಸುವ ಬದಿಗಷ್ಟೇ ಇರಲಿ. ನೆಲದ ಹತ್ತಿರ ತೆರವು ಇರಲಿ. ಸಿಲಿಂಡರ್ ಕಾವಲಿಯಡಿ ಬೇಡ, ಚರಂಡಿಯ ಅಂಚಿನಲ್ಲೂ ಬೇಡ. ಗಾಡಿಯ ಹೊರಗೆ, ಗಾಳಿ ಬರುವ ದಿಕ್ಕಿಗೆ ನೆಟ್ಟಗೆ ನಿಲ್ಲಲಿ. ಉರಿ ಆರಿಹೋದರೆ ಕೂಡಲೇ ಕಡ್ಡಿ ಗೀರದೆ, ಕವಾಟ ಮುಚ್ಚಿ, ಕೆಲವು ನಿಮಿಷ ಬಿಟ್ಟು ಹಚ್ಚಬೇಕು. ಕೀಲುಗಳಿಗೆ ಸೋಪಿನ ನೊರೆ ಸವರಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಸೋರಿಕೆ ನಿಲ್ಲದಿದ್ದರೆ ಸುತ್ತಲಿನ ಬೆಂಕಿ ಆರಿಸಿ, ಜನರನ್ನು ದೂರ ಕಳಿಸಿ, 1906ಕ್ಕೆ ಕರೆ ಮಾಡಿ.

ಶಿಕ್ಷಕರಿಗೆ ಎರಡು ಚಟುವಟಿಕೆ. ಶಾಲೆಯ ಬಿಸಿಯೂಟದ ಸಿಲಿಂಡರನ್ನು, ಒಲೆ ಆರಿಸಿದ ಮೇಲೆ, ಒದ್ದೆ ಬಟ್ಟೆಯಿಂದ ಒರೆಸಿ. ಮೇಲ್ಭಾಗ ಬೇಗ ಒಣಗುತ್ತದೆ; ದ್ರವವಿರುವ ಕೆಳಭಾಗ ನಿಧಾನವಾಗಿ. ನಡುವಿನ ಗೆರೆಯೇ ಒಳಗಿನ ಮಟ್ಟ. ಎರಡನೆಯದಕ್ಕೆ ಗ್ಯಾಸ್ ಬೇಡವೇ ಬೇಡ. ಕಾರ್ಬನ್ ಡೈಆಕ್ಸೈಡಿನ ಅಣುತೂಕವೂ 44, ಪ್ರೊಪೇನ್‌ನಷ್ಟೇ. ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿ ಅದನ್ನು ಉದ್ದ ಪಾತ್ರೆಯಲ್ಲಿ ತಯಾರಿಸಿ. ರಟ್ಟಿನ ಇಳಿಜಾರು ದೋಣಿ ಮಾಡಿ, ಅದರ ಕೆಳತುದಿಯ ಮುಂದೆ ಒಂದು ಗಿಡ್ಡ ಮೇಣದಬತ್ತಿ, ಪಕ್ಕದಲ್ಲಿ ಒಂದು ಎತ್ತರದ ಮೇಣದಬತ್ತಿ ಹಚ್ಚಿಡಿ. ನೊರೆ ಬೀಳದಂತೆ ಪಾತ್ರೆಯನ್ನು ದೋಣಿಯ ಮೇಲ್ತುದಿಯಲ್ಲಿ ನಿಧಾನವಾಗಿ ಬಾಗಿಸಿ. ಯಾವ ಮೇಣದಬತ್ತಿ ಮೊದಲು ಆರುತ್ತದೆ ಎಂದು ಮಕ್ಕಳನ್ನು ಮೊದಲೇ ಕೇಳಿ, ಆಮೇಲೆ ತೋರಿಸಿ.