ಮರದ ಗಾಯ, ಗರಗಸದ ಆಯ್ಕೆ



ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲ, ತಾಳವಾಡಿ ಕಡೆಯ ಊರುಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಿಮಗೆ ಒಂದೊಂದು ಮರಕ್ಕೂ ಎರಡೆರಡು ಹೆಸರು ಗೊತ್ತು. ಬೇವು ಎಂದರೂ ಅದೇ ನೆರಳು, ವೇಂಬು ಎಂದರೂ ಅದೇ ನೆರಳು. ಹುಣಸೆಯನ್ನು ತಮಿಳಿನಲ್ಲಿ ಪುಳಿ ಎನ್ನುತ್ತಾರೆ; ಪುಳಿಯಂಪಟ್ಟಿಯ ಹೆಸರಿನಲ್ಲೇ ಆ ಮರ ಕುಳಿತಿದೆ. ಆದರೆ ಮರವನ್ನು ಉಳಿಸುವುದಕ್ಕಾಗಿ ಅದರ ಕೊಂಬೆ ತೆಗೆಯುವವನಿಗೆ ಎರಡು ಭಾಷೆಯಲ್ಲೂ ನಮ್ಮ ಬಾಯಲ್ಲಿ ಹೆಸರಿಲ್ಲ. ಯಾರನ್ನು ಕರೆದರೂ ‘ಮರ ಕಡಿಯುವವನು’ ಎಂದೇ ಕರೆಯುತ್ತೇವೆ. ಬೇರೆ ದೇಶಗಳಲ್ಲಿ ಇವನಿಗೆ ಟ್ರೀ ಸರ್ಜನ್ ಎನ್ನುತ್ತಾರೆ. ಮರದ ಶಸ್ತ್ರವೈದ್ಯ ಎಂದು ಅರ್ಥ. ಈ ಕೆಲಸ ಹೇಗೆ, ಅದಕ್ಕೆ ಎಂತಹ ಯಂತ್ರ ಬೇಕು ಎಂಬುದನ್ನು ಈ ಹೊತ್ತು ನೋಡೋಣ.

ನಿಮ್ಮ ಮನೆಯ ಮುಂದಿನ ಬೇವಿನ ಮರದಿಂದಲೇ ಪ್ರಾರಂಭಿಸೋಣ. ಈಚಿನ ವರ್ಷಗಳಲ್ಲಿ ಮಳೆಗಾಲ ಕಳೆದು ಚಳಿ ಇಳಿಯುವ ಹೊತ್ತಿಗೆ ಬೇವಿನ ತುದಿ ಕಡ್ಡಿಗಳು ಸುಟ್ಟಂತೆ ಕಂದಾಗಿ ಒಣಗುವುದನ್ನು ನೀವು ಕಂಡಿರಬಹುದು. ಮರ ಸತ್ತೇ ಹೋಯಿತೆಂದು ಹೆದರಿ, ಮಿಷನ್ ತರಿಸಿ, ಬುಡಕ್ಕೇ ಕೊಯ್ಸಿದವರೂ ಇದ್ದಾರೆ. ಇದು ತುದಿ ಒಣಗುವ ರೋಗ. ಫೊಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಈ ಶಿಲೀಂಧ್ರವನ್ನು ಗುರುತಿಸಿ 1997ರಲ್ಲಿ ಅದಕ್ಕೆ ಹೆಸರಿಟ್ಟವರು ಮೈಸೂರಿನ ವಿಜ್ಞಾನಿಗಳು. ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯೂ ಇದರ ಜೊತೆ ಸೇರಿದರೆ ಮರ ಇನ್ನೂ ಬೋಳಾಗಿ ಕಾಣುತ್ತದೆ. ಆದರೆ ತುದಿ ಒಣಗಿದ ಬೇವೆಲ್ಲ ಸತ್ತ ಬೇವಲ್ಲ. ಬೇಸಿಗೆ ಬರುತ್ತಲೇ ಎಷ್ಟೋ ಮರಗಳು ಮತ್ತೆ ಚಿಗುರುತ್ತವೆ. ಒಣಗಿದ ಕಡ್ಡಿಗಳನ್ನು ತೆಗೆದು ಸುಟ್ಟು, ಒಂದು ಬೇಸಿಗೆ ಕಾದು ನೋಡಬೇಕು. ಸಣ್ಣ ಕೊಂಬೆಯನ್ನು ಉಗುರಿನಿಂದ ಗೀರಿ ನೋಡಿ. ತೊಗಟೆಯ ಕೆಳಗೆ ಹಸಿರಿದ್ದರೆ ಜೀವವಿದೆ.

ಈಗ ಈ ಮಾತಿನ ತಿರುಳಿಗೆ ಬರೋಣ. ನಮ್ಮ ಕೈಗೆ ಗಾಯವಾದರೆ ಹಳೆಯ ಚರ್ಮದ ಜಾಗದಲ್ಲಿ ಹೊಸ ಚರ್ಮ ಬಂದು ಮಾಯುತ್ತದೆ. ಮರಕ್ಕೆ ಹಾಗಲ್ಲ. ಕೆಟ್ಟ ಮರ ಒಳಗೆ ಮತ್ತೆ ಒಳ್ಳೆಯ ಮರವಾಗುವುದೇ ಇಲ್ಲ. ಮರ ಮಾಡುವುದು ಇಷ್ಟೆ: ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಕೊಳೆಯನ್ನು ಒಳಗೇ ಸೆರೆಯಿಟ್ಟು, ಹೊರಗಡೆ ಹೊಸ ಮರ ಬೆಳೆಸಿಕೊಳ್ಳುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಈ ಗೋಡೆಗಳ ಲೆಕ್ಕವನ್ನು ವಿವರಿಸಿದರು. ಅವರು ಸೀಳಿದ್ದು ಯಾವುದರಿಂದ ಗೊತ್ತೆ? ಪೆಟ್ರೋಲ್ ಮಿಷನ್ ಗರಗಸದಿಂದ. ಮರವನ್ನು ಹಾಳು ಮಾಡಬಲ್ಲ ಯಂತ್ರವೇ ಮರದ ಒಳಗುಟ್ಟನ್ನೂ ತೋರಿಸಿತು.

ಹಾಗಾದರೆ ಕೊಂಬೆಯನ್ನು ಎಲ್ಲಿ ಕತ್ತರಿಸಬೇಕು? ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಆ ಬಳೆಯಲ್ಲೇ. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಬಳೆಯೇ ಹೋಗಿ ಕೊಳೆ ಕಾಂಡದೊಳಕ್ಕೆ ಇಳಿಯುತ್ತದೆ. ಗೇಣುದ್ದ ಮೋಟು ಬಿಟ್ಟರೆ ಆ ಮೋಟು ಒಣಗಿ ಹುಳುವಿಗೆ ಬಾಗಿಲಾಗುತ್ತದೆ. ಬಳೆಯನ್ನು ಉಳಿಸಿ, ಅದರ ಹೊರಗೆ ಕೊಯ್ಯಬೇಕು.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಮೊಳವುದ್ದ ಹರಿದುಕೊಂಡು ಹೋಗುತ್ತದೆ. ಆದ್ದರಿಂದ ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೆಳಗಿನಿಂದ, ಕಾಲುಭಾಗ ಆಳಕ್ಕೆ. ಎರಡನೆಯದು ಅದಕ್ಕಿಂತ ಒಂದೆರಡು ಅಂಗುಲ ಹೊರಗೆ, ಮೇಲಿನಿಂದ. ಅಲ್ಲಿಗೆ ಕೊಂಬೆ ಬೀಳುತ್ತದೆ, ತೊಗಟೆ ಹರಿಯುವುದಿಲ್ಲ. ಮೂರನೆಯದು ಉಳಿದ ಮೋಟನ್ನು ಬಳೆಯ ಹೊರಗೆ ನಯವಾಗಿ ತೆಗೆಯುವುದು. ಪೊಟರೆಗೆ ಸಿಮೆಂಟು ತುಂಬುವುದು, ಗಾಯಕ್ಕೆ ಟಾರು ಬಳಿಯುವುದು ಹಿಂದಿನ ಪದ್ಧತಿ. ಅದರಿಂದ ಒಳಗಿನ ಕೊಳೆ ನಿಲ್ಲುವುದಿಲ್ಲ ಎಂಬುದು ಈಗ ಗೊತ್ತಾಗಿದೆ. ಮರದ ನೆತ್ತಿಯನ್ನೇ ಸಾರಾಸಗಟಾಗಿ ಬೋಳಿಸುವುದಂತೂ ಬೇಡವೇ ಬೇಡ. ಆಮೇಲೆ ಬರುವ ಚಿಗುರುಗಳು ಮೇಲುಮೇಲಕ್ಕೆ ಅಂಟಿಕೊಂಡಿದ್ದು ದೊಡ್ಡ ಗಾಳಿಗೆ ಮೊದಲು ಮುರಿಯುವುದು ಅವೇ.

ತೆಂಗಿಗೂ ತಾಳೆಗೂ ಈ ಲೆಕ್ಕ ಹೊಂದುವುದಿಲ್ಲ. ಅವಕ್ಕೆ ಇರುವುದು ಒಂದೇ ಸುಳಿ. ಸುಳಿ ಹೋದರೆ ಮರ ಹೋಯಿತು. ಒಣಗಿದ ಗರಿ ಮಾತ್ರ ತೆಗೆಯಿರಿ, ಹಸಿರು ಗರಿಯನ್ನು ಬಿಡಿ.

ಇನ್ನು ಯಂತ್ರದ ವಿಷಯ. ಈ ಕೆಲಸವನ್ನೇ ಜೀವನಕ್ಕೆ ಹಿಡಿಯಬೇಕೆಂದಿರುವ ತರುಣರು ಈ ಭಾಗವನ್ನು ಗಮನವಿಟ್ಟು ಓದಿ. ಅಂಗಡಿಯಲ್ಲಿ 58 ಸಿಸಿ ಎಂಜಿನ್, 22 ಅಂಗುಲದ ಬಾರ್ ತೋರಿಸಿ, ‘ಇದೊಂದಿದ್ದರೆ ಎಲ್ಲ ಕೆಲಸವೂ ಆಗುತ್ತದೆ’ ಎನ್ನಬಹುದು. ಮಾತಿಗೆ ಮರುಳಾಗಬೇಡಿ. ಬಿದ್ದ ಹುಣಸೆ ದಿಮ್ಮಿಯನ್ನು ತುಂಡು ಮಾಡಲು ಅದು ಸರಿ. ಬೇವಿನ ಕೊಂಬೆ ಸವರಲು ಅದು ಭಾರ, ಅಪಾಯ. ಹೆಬ್ಬೆರಳು ದಪ್ಪದ ಕಡ್ಡಿಗೆ ಕತ್ತರಿ ಸಾಕು. ಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಬಾಗಿದ ಅಲಗಿನ ಕೈಗರಗಸ ಸಾಕು. ಅದರ ಕೊಯ್ತ ನಯವಾಗಿಯೂ ಇರುತ್ತದೆ. ನೆಲದ ಮೇಲೆ ನಿಂತೇ ಎಟುಕಿಸಲು ಉದ್ದ ಕೋಲಿನ ಗರಗಸವಿದೆ. ಇವುಗಳಿಂದ ಆಗದ ಕೊಂಬೆಗೆ ಮಾತ್ರ 12 ಇಲ್ಲವೆ 14 ಅಂಗುಲ ಬಾರಿನ ಹಗುರ ಮಿಷನ್. ದೊಡ್ಡದನ್ನು ಕೊಳ್ಳುವ ಬದಲು ಬೇಕಾದ ದಿನ ಬಾಡಿಗೆಗೆ ತರುವುದು ಲೇಸು.

1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ತಯಾರಿಸಿದ ವಿದ್ಯುತ್ ಚೈನ್ ಗರಗಸ 64 ಕಿಲೋ ತೂಗುತ್ತಿತ್ತು, ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಇಂದು ಐದಾರು ಕಿಲೋ ಯಂತ್ರವನ್ನು ಒಬ್ಬನೇ ಒಂದು ಕೈಯಲ್ಲಿ ಎತ್ತಿಕೊಂಡು ಮರ ಹತ್ತುತ್ತಾನೆ. ಅಪಾಯ ಇರುವುದು ಈ ಹಗುರದಲ್ಲೇ. ಬಾರಿನ ಮೂತಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಿಷನ್ ಮೇಲಕ್ಕೆ ಚಿಮ್ಮಿ ಮುಖಕ್ಕೋ ಕತ್ತಿಗೋ ಬರುತ್ತದೆ. ಆದ್ದರಿಂದ ಕೊಳ್ಳುವಾಗ ಬಣ್ಣ ನೋಡಬೇಡಿ, ನಾಲ್ಕು ಅಂಗಗಳನ್ನು ನೋಡಿ. ಒಂದು, ಮುಂಗೈಯ ಎದುರಿನ ಕಾವಲನ್ನು ಮುಂದಕ್ಕೆ ತಳ್ಳಿದರೆ ತಟ್ಟನೆ ಚೈನ್ ನಿಲ್ಲಿಸುವ ಬ್ರೇಕು. ಎರಡು, ಹಿಡಿಯನ್ನು ಪೂರ್ತಿ ಹಿಡಿಯದೆ ಆಕ್ಸಿಲರೇಟರ್ ಒತ್ತಲಾಗದ ಬೀಗ. ಮೂರು, ತುಂಡಾದ ಚೈನನ್ನು ತಡೆಯುವ ಕೊಕ್ಕೆ. ನಾಲ್ಕು, ನಡುಕ ತಡೆಯುವ ರಬ್ಬರು ಅಥವಾ ಸ್ಪ್ರಿಂಗು. ವರ್ಷಗಟ್ಟಲೆ ನಡುಕ ತಿಂದ ಬೆರಳುಗಳು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಉಂಟು.

ಚೈನಿಗೂ ಒಂದು ಕಥೆಯಿದೆ. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕಾರ್ಮಿಕ ಮರ ಕೊರೆಯುವ ದುಂಬಿಯ ಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಾಗುವುದನ್ನು ನೋಡಿ, ಅದೇ ರೀತಿಯ ಹಲ್ಲು ಮಾಡಿ 1947ರಲ್ಲಿ ಮಾರಾಟಕ್ಕಿಟ್ಟ. ಇಂದಿನ ಚೈನ್ ಹಲ್ಲುಗಳು ಅದರ ಸಂತತಿ. ಹಲ್ಲು ಹರಿತವಾಗಿದ್ದರೆ ಚಕ್ಕೆ ಉದುರುತ್ತದೆ. ಹಿಟ್ಟಿನಂತೆ ಪುಡಿ ಉದುರಿದರೆ ಅರ ಹಾಕುವ ಹೊತ್ತಾಯಿತೆಂದು ತಿಳಿಯಿರಿ. ಮೊಂಡ ಚೈನನ್ನು ಒತ್ತಿ ಕೊಯ್ಯುವವನು ಮರವನ್ನೂ ತನ್ನ ತೋಳನ್ನೂ ಕೆಡಿಸಿಕೊಳ್ಳುತ್ತಾನೆ. ನಿಮ್ಮ ಚೈನಿಗೆ ಎಷ್ಟು ಮಿಲಿಮೀಟರಿನ ದುಂಡು ಅರ ಎಂಬುದನ್ನು ಅಂಗಡಿಯಲ್ಲೇ ಕೇಳಿ ಕೊಂಡುಬನ್ನಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಯಾವುದು ಎಂಬುದನ್ನು ಯಂತ್ರದ ಜೊತೆ ಬರುವ ಪುಸ್ತಕ ಹೇಳುತ್ತದೆ. ಬಾರಿಗೆ ಹಾಕುವ ಎಣ್ಣೆ ಬೇರೆ, ಅದರ ಡಬ್ಬವೂ ಬೇರೆ. ಬಿಡಿಭಾಗ ಸಿಗದ, ರಿಪೇರಿಯವನಿಲ್ಲದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ.

ಏಣಿಯ ಮೇಲೆ ನಿಂತು ಮಿಷನ್ ನಡೆಸಬೇಡಿ. ಹೆಗಲಿಗಿಂತ ಮೇಲಕ್ಕೆ ಎತ್ತಿ ಕೊಯ್ಯಬೇಡಿ. ಒಂಟಿಯಾಗಿ ಕೆಲಸಕ್ಕೆ ಹೋಗಬೇಡಿ. ಮೇಲ್ಗಡೆ ಮಾತ್ರ ಹಿಡಿ ಇರುವ ಪುಟ್ಟ ಮಿಷನ್, ಸೊಂಟಪಟ್ಟಿ ಮತ್ತು ಹಗ್ಗದಲ್ಲಿ ಪಳಗಿದವರಿಗೇ ಹೊರತು ಕಲಿಯುವವರಿಗಲ್ಲ. ವಿದ್ಯುತ್ ತಂತಿ ಹತ್ತಿರವಿದ್ದರೆ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ನಿಲ್ಲಿಸಿದ ಮೇಲೆಯೇ ಮರ ಮುಟ್ಟಿ. ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಬೂಟು, ಇವುಗಳ ದುಡ್ಡನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ತೆಂಗು ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ತರಬೇತಿ ಆರಂಭಿಸಿತು. ಅದೇ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯ ವಿಷಯವನ್ನೂ ವಿಚಾರಿಸಿ.

ಕಾನೂನನ್ನೂ ಮರೆಯುವಂತಿಲ್ಲ. ರಸ್ತೆಬದಿಯ ಹುಣಸೆ ನಿಮ್ಮ ಮನೆಯೆದುರೇ ಇದ್ದರೂ ಅದು ನಿಮ್ಮದಲ್ಲ. ಅನುಮತಿಯಿಲ್ಲದೆ ಅದಕ್ಕೆ ಗರಗಸ ಹಚ್ಚುವಂತಿಲ್ಲ. ತಮಿಳುನಾಡಿನ ರಾಜ್ಯವೃಕ್ಷವಾದ ತಾಳೆಯನ್ನು ಕಡಿಯಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂದು 2021ರಲ್ಲಿ ಸರ್ಕಾರ ಹೇಳಿತು. ಗಡಿ ದಾಟಿ ಚಾಮರಾಜನಗರದ ಕಡೆ ಕೆಲಸಕ್ಕೆ ಹೋದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮಾಲೀಕ ಹೇಳಿದನೆಂದು ಕೊಯ್ದೆ ಎಂಬ ಸಬೂಬು ಎರಡು ಕಡೆಯೂ ನಡೆಯುವುದಿಲ್ಲ. ಕಾಗದ ನೋಡಿ ಕೈ ಹಚ್ಚಿ.

ಬಾಂಧವರೇ, ಬೇವು ಒಂದು ಆಳೆತ್ತರವಾಗಲು ಕೆಲವು ವರ್ಷ ಸಾಕು. ಮನೆಗೆಲ್ಲ ನೆರಳಾಗಲು ಒಂದು ತಲೆಮಾರು ಬೇಕು. ಮಿಷನ್ನಿಗೆ ಎರಡು ನಿಮಿಷ ಸಾಕು. ಮುಂದಿನ ಸಲ ಅಂಗಳದ ಬೇವು ಒಣಗಿದಂತೆ ಕಂಡಾಗ ಮೊದಲು ತಲೆಯೆತ್ತಿ ಮರ ನೋಡಿ. ಆಮೇಲೆ ಕೊಂಬೆಯ ಬಳೆ ನೋಡಿ. ಅದಾದ ಮೇಲೆ ತಂತಿ, ಕಾಗದ, ಜೊತೆಗಾರ. ಯಂತ್ರ ಯಾವುದು ಎಂಬ ಪ್ರಶ್ನೆ ಕಡೆಗೆ ಬರಲಿ. ಆಗ ಆ ಪ್ರಶ್ನೆಗೆ ಉತ್ತರ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ.