ಜೀನ್ ಥೆರಪಿ: ರಕ್ತಸ್ರಾವ ನಿಂತೀತು, ಮಗಳಿಗೆ ದಾಟುವುದು ನಿಲ್ಲದು

ಹಾಲುಹಲ್ಲು ಬಿದ್ದ ಜಾಗದಿಂದ ಎರಡು ದಿನವಾದರೂ ರಕ್ತ ಒಸರುತ್ತಲೇ ಇದೆ. ಲಸಿಕೆ ಹಾಕಿಸಿದ ತೊಡೆ ಗಟ್ಟಿಯಾಗಿ ಬಾತಿದೆ. ಎಲ್ಲೂ ಬೀಳದಿದ್ದರೂ ಮೊಣಕಾಲು ಊದಿ, ಬೆಳಗಾಗುವಷ್ಟರಲ್ಲಿ ಹುಡುಗನಿಗೆ ಕಾಲು ಚಾಚಲು ಆಗುತ್ತಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾವ ಮನೆಯಲ್ಲೇ ಆಗಲಿ, ಗಂಡುಮಗುವಿಗೆ ಹೀಗಾದರೆ ಹಿಮೋಫಿಲಿಯಾದ ಅನುಮಾನ ಬರಬೇಕು. ಕನ್ನಡದಲ್ಲಿ ಇದಕ್ಕೆ ಕುಸುಮರೋಗ ಎಂಬ ಹೆಸರೂ ಇದೆ. ರಕ್ತ ಹೆಪ್ಪುಗಟ್ಟಿಸುವ, ಫ್ಯಾಕ್ಟರ್ ಎಂದು ಕರೆಯುವ ಪ್ರೋಟೀನುಗಳಲ್ಲಿ ಒಂದು ಈ ರೋಗವಿರುವವರಲ್ಲಿ ತಯಾರಾಗುವುದಿಲ್ಲ, ಇಲ್ಲವೇ ಸಾಲುವುದಿಲ್ಲ. ಎಂಟನೇ ಫ್ಯಾಕ್ಟರ್ ಕೊರತೆಯಾದರೆ ಅದು ಹಿಮೋಫಿಲಿಯಾ ಎ. ಹೆಚ್ಚಿನವರಲ್ಲಿ ಇರುವುದು ಇದೇ.

ಗಾಯದಿಂದ ಹರಿಯುವ ರಕ್ತಕ್ಕಿಂತ ಒಳಗೇ ಕೀಲುಗಳಲ್ಲಿ ತುಂಬಿಕೊಳ್ಳುವ ರಕ್ತ ಹೆಚ್ಚು ಕಾಡುತ್ತದೆ. ಅದೇ ಮೊಣಕಾಲಿನಲ್ಲಿ ಮತ್ತೆ ಮತ್ತೆ ರಕ್ತ ತುಂಬಿದರೆ ಒಳಗಿನ ಮೃದ್ವಸ್ಥಿ ಸವೆದು ಕೀಲು ಬಿಗಿಯುತ್ತದೆ. ನಿಂತು ಓಡಾಡುತ್ತ ಪವರ್‌ಲೂಮ್ ನೋಡಿಕೊಳ್ಳಬೇಕಾದ, ಕಬ್ಬಿನ ಗದ್ದೆಯಲ್ಲಿ ದುಡಿಯಬೇಕಾದ ಯುವಕ ಕುಂಟುತ್ತಾನೆ. ಕಾಣೆಯಾದ ಫ್ಯಾಕ್ಟರನ್ನು ನರಕ್ಕೆ ಚುಚ್ಚಿ ತುಂಬುವುದೇ ಬಹುಕಾಲದ ಚಿಕಿತ್ಸೆ. ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಆದರೆ ಚುಚ್ಚಿದ ಎಂಟನೇ ಫ್ಯಾಕ್ಟರಿನ ಅರ್ಧಭಾಗ ಸುಮಾರು 12 ಗಂಟೆಗಳಲ್ಲೇ ಕರಗಿಹೋಗುತ್ತದೆ. ಹಾಗಾಗಿ ಈ ಚುಚ್ಚುಮದ್ದು ಬದುಕಿಡೀ ಬೇಕು.

ದೇಹವೇ ಫ್ಯಾಕ್ಟರ್ ತಯಾರಿಸುವಂತೆ ಮಾಡುವುದು ಜೀನ್ ಥೆರಪಿಯ ಉದ್ದೇಶ. ಈ ಕೆಲಸ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲೇ ನಡೆದಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ವೆಲ್ಲೂರಿನ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ ಮತ್ತು ಅಮೆರಿಕದ ಎಮರಿ ವಿಶ್ವವಿದ್ಯಾಲಯ ಜೊತೆಗೂಡಿದವು. ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಚಿಕಿತ್ಸೆ ಕೊಟ್ಟು, 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದವು.

ಮಾಡಿದ್ದು ಹೀಗೆ. ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು ರೋಗಿಯ ದೇಹದಿಂದಲೇ ತೆಗೆದರು. ರೋಗ ಹರಡುವ ಗುಣ ಕಳೆದ ಲೆಂಟಿವೈರಸ್ಸಿನಲ್ಲಿ ಫ್ಯಾಕ್ಟರ್ ಜೀನನ್ನು ಇಟ್ಟು, ಪ್ರಯೋಗಾಲಯದಲ್ಲಿ ಆ ಕೋಶಗಳೊಳಗೆ ಸೇರಿಸಿದರು. ಇತ್ತ ರೋಗಿಗೆ ಪ್ರಬಲ ಔಷಧ ಕೊಟ್ಟು ಅಸ್ಥಿಮಜ್ಜೆಯಲ್ಲಿ ಜಾಗ ಮಾಡಿ, ತಿದ್ದಿದ ಕೋಶಗಳನ್ನು ನರದ ಮೂಲಕ ಮರಳಿಸಿದರು. ಅವು ಮಜ್ಜೆಯಲ್ಲಿ ನೆಲೆಯೂರಿದವು. ಅವುಗಳಿಂದ ಹುಟ್ಟಿದ ಬಿಳಿ ರಕ್ತಕಣಗಳು ಫ್ಯಾಕ್ಟರ್ ಸುರಿಸತೊಡಗಿದವು. ಐವರನ್ನೂ ಗಮನಿಸಿದ ಅವಧಿ ಒಟ್ಟು ಸೇರಿಸಿದರೆ 81 ತಿಂಗಳು. ಚಿಕಿತ್ಸೆ ನೆಲೆಗೊಂಡ ಮೇಲೆ ಆ ಅವಧಿಯಲ್ಲಿ ಒಬ್ಬರಿಗೂ ರಕ್ತಸ್ರಾವವಾಗಲಿಲ್ಲ. ಹಿಮೋಫಿಲಿಯಾ ಇರುವ ಮನೆಯವರಿಗೆ ಇದು ಎಷ್ಟು ದೊಡ್ಡ ಮಾತೆಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ಇದು ಐದೇ ಜನರ ಕಥೆ, ಐವರೂ ವಯಸ್ಕರು. ಆ ಪ್ರಯೋಗದಲ್ಲಿ ಮಕ್ಕಳಿಗೆ ಕೊಟ್ಟಿರಲಿಲ್ಲ. ಮಜ್ಜೆ ಖಾಲಿಯಾದ ದಿನಗಳಲ್ಲಿ ಸೋಂಕು ಪ್ರಾಣಕ್ಕೇ ಎರವಾಗಬಹುದು, ಬಾಯಿ ಹುಣ್ಣಾಗುತ್ತದೆ. ಮಜ್ಜೆ ಖಾಲಿ ಮಾಡುವ ಔಷಧಗಳಿಂದ ಸಂತಾನಶಕ್ತಿ ಕುಂದಬಹುದಾದ್ದರಿಂದ ಮೊದಲೇ ವೀರ್ಯ ಕಾದಿರಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಹೊಸ ಜೀನ್ ಕೂರಬಾರದ ಕಡೆ ಕೂತರೆ ಕ್ಯಾನ್ಸರಿನ ಭಯವೂ ಉಂಟು. 2000ರ ಸುಮಾರಿಗೆ ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ 20 ಮಕ್ಕಳಿಗೆ ಬೇರೊಂದು ವೈರಸ್ ಬಳಸಿ ಜೀನ್ ಥೆರಪಿ ಕೊಟ್ಟಾಗ, ಮುಂದೆ ಐವರಿಗೆ ರಕ್ತದ ಕ್ಯಾನ್ಸರ್ ಬಂತು. ಅದಕ್ಕೂ ಮೊದಲು, 1999ರಲ್ಲಿ, ಅಮೆರಿಕದ ಜೆಸ್ಸಿ ಗೆಲ್ಸಿಂಗರ್ ಎಂಬ 18ರ ಹುಡುಗ ಜೀನ್ ಥೆರಪಿಯ ವೈರಸ್ ಚುಚ್ಚಿದ ನಾಲ್ಕೇ ದಿನಕ್ಕೆ ತೀರಿಕೊಂಡ. ಈಗಿನ ವೈರಸ್‌ಗಳನ್ನು ಹೆಚ್ಚು ಸುರಕ್ಷಿತವಾಗಿ ರೂಪಿಸಿದ್ದಾರೆ. ಹಾಗಿದ್ದೂ ಚಿಕಿತ್ಸೆ ಪಡೆದವರ ಮೇಲೆ ವರ್ಷಗಟ್ಟಲೆ ಕಣ್ಣಿಡಬೇಕು.

ಇನ್ನೊಂದು ವಿಷಯವನ್ನು ನಮ್ಮ ಭಾಗದವರು ಮುಖ್ಯವಾಗಿ ತಿಳಿಯಬೇಕು. ಈ ಚಿಕಿತ್ಸೆ ರಕ್ತದ ಕೋಶಗಳನ್ನು ತಿದ್ದುತ್ತದೆ, ವೀರ್ಯವನ್ನು ತಿದ್ದುವುದಿಲ್ಲ. ರಕ್ತಸ್ರಾವ ನಿಂತ ಗಂಡಸಿನ ಹೆಣ್ಣುಮಕ್ಕಳೆಲ್ಲರೂ ಆ ದೋಷದ ಜೀನಿನ ವಾಹಕರಾಗಿಯೇ ಹುಟ್ಟುತ್ತಾರೆ.

ಇದಕ್ಕೆ ಸೋದರಿಕೆ ಮದುವೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಹಿಮೋಫಿಲಿಯಾ ಇರುವ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮಾತು ಬಂದಿದೆ ಎನ್ನಿ. ಅವನಿಗೆ ರೋಗ ತಾಯಿಯಿಂದ ಬಂದಿದ್ದರೆ, ಅಕ್ಕನಲ್ಲೂ ಆ ಜೀನ್ ಇರುವ ಸಾಧ್ಯತೆ ಅರ್ಧ, ಅಕ್ಕನ ಮಗಳಲ್ಲಿ ಕಾಲು ಭಾಗ. ಅವಳಲ್ಲಿ ಇಲ್ಲವೆಂದರೆ ಗಂಡುಮಕ್ಕಳು ಪಾರು. ಇದ್ದರೆ ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ರೋಗ ಬರುವ ಸಾಧ್ಯತೆ ಅರ್ಧ. ಸಾಮಾನ್ಯವಾಗಿ ಗಂಡುಮಕ್ಕಳ ರೋಗವೆನ್ನುವ ಹಿಮೋಫಿಲಿಯಾ ಇಂಥ ಮನೆಯಲ್ಲಿ ಹೆಣ್ಣುಮಗುವಿಗೂ ಬರುತ್ತದೆ. ಆಗ ಸೊಸೆಯ ಕಾಲ್ಗುಣವನ್ನು ದೂರುವುದು ಅನ್ಯಾಯ. ಅಲ್ಲದೆ, ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ವಂಶದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದೇ ಇಲ್ಲ.

ರೋಗದ ಅನುಮಾನ ಬಂದರೆ ಮೊದಲು ಆಗಬೇಕಾದದ್ದು ಎಪಿಟಿಟಿ ಎಂಬ ಸಾದಾ ರಕ್ತಪರೀಕ್ಷೆ. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಹೆಚ್ಚು ಬಂದರೆ ಫ್ಯಾಕ್ಟರ್ ಪ್ರಮಾಣದ ಪರೀಕ್ಷೆ. ವಾಹಕ ಹೆಣ್ಣುಮಕ್ಕಳಲ್ಲಿ ಫ್ಯಾಕ್ಟರ್ ಸರಿಯಾಗಿಯೇ ಕಾಣಬಹುದು, ಆದ್ದರಿಂದ ಅವರಿಗೆ ಜೀನ್ ಪರೀಕ್ಷೆಯೇ ಬೇಕು. ರೋಗವಿರುವ ಗಂಡಸಿನ ಜೀನ್ ದೋಷ ಯಾವುದೆಂದು ಮೊದಲು ಗುರುತಿಸಿದರೆ ಅಕ್ಕತಂಗಿಯರ ಪರೀಕ್ಷೆ ಸುಲಭ. ರೋಗವಿರುವವರಿಗೂ ಅನುಮಾನವಿರುವವರಿಗೂ ಆಸ್ಪಿರಿನ್ ಬೇಡ, ಸ್ನಾಯುವಿಗೆ ಚುಚ್ಚುಮದ್ದು ಬೇಡ. ಹಲ್ಲು ಕೀಳಿಸುವುದು, ಸುನ್ನತಿ ವೈದ್ಯರ ಒಪ್ಪಿಗೆ ಇಲ್ಲದೆ ಬೇಡ.

ದಾರಿ ತೋರಿಸಲು ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ಕಟ್ಟಿ ಬೆಳೆಸಿದ ಸಂಸ್ಥೆ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು ಅಂಗವೈಕಲ್ಯವೆಂದು ಗುರುತಿಸಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಕೊನೆಯದಾಗಿ, ಜೀನ್ ಥೆರಪಿ, ಸ್ಟೆಮ್ ಸೆಲ್ ಎಂದು ಹೇಳಿ ಮುಂಗಡ ಕೇಳುವವರು ಎದುರಾದರೆ, ಕ್ಲಿನಿಕಲ್ ಪ್ರಯೋಗಗಳ ಸರ್ಕಾರಿ ದಾಖಲೆಯಾದ ಸಿಟಿಆರ್‌ಐಯಲ್ಲಿ ಅವರ ನೋಂದಣಿ ಸಂಖ್ಯೆ ಯಾವುದೆಂದು ಕೇಳಿ. ಉತ್ತರ ಬರದಿದ್ದರೆ ಹೊಲ ಅಡವಿಡಬೇಡಿ, ಎದ್ದು ಬನ್ನಿ.