ಬಿಗಿದದ್ದು ಬಿಡುವ ಬಗೆ

ಒಂದರೊಳಗೊಂದು ಸಿಕ್ಕಿಕೊಂಡ ಎರಡು ಸ್ಟೀಲ್ ಲೋಟಗಳನ್ನು ಬಿಡಿಸುವ ವಿದ್ಯೆಯನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಒಳಗಿನ ಲೋಟಕ್ಕೆ ತಣ್ಣೀರು ಹೊಯ್ದು, ಹೊರಗಿನದನ್ನು ಬಿಸಿನೀರಿನಲ್ಲಿ ಇಳಿಸಿ, ಗಳಿಗೆ ಹೊತ್ತು ಕಾದು ಮೆಲ್ಲನೆ ತಿರುವಿದರೆ ಎರಡೂ ಬೇರೆಯಾಗುತ್ತವೆ. ತಾಳ್ಮೆಗೆಟ್ಟು ಕಲ್ಲಿಗೆ ಬಡಿದವರಿಗೆ ಉಳಿಯುವುದು ಎರಡು ಸೊಟ್ಟ ಲೋಟಗಳು ಮಾತ್ರ. ಈ ಅಡುಗೆಮನೆಯ ವಿದ್ಯೆಯೇ ಗುಜರಿಗೆ ಹೊರಟಿದ್ದ ಒಂದು ಟ್ರ್ಯಾಕ್ಟರನ್ನು ಮರಳಿ ತೋಟಕ್ಕೆ ತಂದ ಪ್ರಸಂಗವನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಚನ್ನಗಿರಿ ಸೀಮೆಯಲ್ಲಿ ನಮ್ಮ ತಮ್ಮನಿಗೆ ಮೂರು ಎಕರೆ ಅಡಿಕೆ ತೋಟವಿದೆ. ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿ ಅಂತರದಲ್ಲಿ ನೆಡುತ್ತಾರೆ. ಆ ಸಾಲಿನೊಳಗೆ ದೊಡ್ಡ ಟ್ರ್ಯಾಕ್ಟರು ನುಗ್ಗಿದರೆ ಮರದ ಬುಡಕ್ಕೂ ಬೇರಿಗೂ ಪೆಟ್ಟು ತಪ್ಪಿದ್ದಲ್ಲ. ಆದುದರಿಂದಲೇ ತಮ್ಮನು ಬಹಳ ಹಿಂದೆ 18.5 ಅಶ್ವಶಕ್ತಿಯ, ಮೂರು ಸಿಲಿಂಡರುಗಳ ಪುಟ್ಟ ಟ್ರ್ಯಾಕ್ಟರೊಂದನ್ನು ಕೊಂಡಿದ್ದನು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು, ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಪವರ್ ಟಿಲ್ಲರುಗಳನ್ನು ತಯಾರಿಸಿ ಹೆಸರಾದ ವಿ.ಎಸ್.ಟಿ. ಸಂಸ್ಥೆಯ ಯಂತ್ರವದು. ಎತ್ತುಗಳನ್ನು ಮಾರಿದ ಮನೆಗೆ ಅದೇ ಆಧಾರವಾಗಿತ್ತು.

ಮುಂದೆ ತಮ್ಮನ ಮಂಡಿ ಸೋತಿತು. ಮಗನು ಪಟ್ಟಣಕ್ಕೆ ಹೋದನು. ಟ್ರ್ಯಾಕ್ಟರು ಹುಣಸೆ ಮರದ ಕೆಳಗೆ ಆರು ಮಳೆಗಾಲ ನಿಂತಿತು. ಮಗನು ಊರಿಗೆ ಹಿಂದಿರುಗಿ ತೋಟ ಮಾಡುವೆನೆಂದಾಗ ಇಂಜಿನ್ನು ಕೂದಲೆಳೆಯಷ್ಟೂ ತಿರುಗಲೊಲ್ಲದು. ಹೊಸದನ್ನು ಕೊಳ್ಳುವುದಾದರೆ ಸಾಲ ಮಾಡಬೇಕು. ಗುಜರಿಯವನು ತೂಕಕ್ಕೆ ಬೆಲೆ ಕಟ್ಟಿ ಹೋಗಿದ್ದನು. ತಮ್ಮನು ಅಂದು ಊಟಕ್ಕೇಳಲಿಲ್ಲ. ವಾರದ ಗಡುವು ಕೇಳಿಕೊಂಡು ನಾವು ಪೇಟೆಯ ಹಿರಿಯ ಮೆಕ್ಯಾನಿಕ್ ಸಾಬರನ್ನು ಕರೆತಂದೆವು.

ತುಕ್ಕಿನ ಹಿಡಿತ

ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಹೀಗೆ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಬೇಡುತ್ತದೆ. ಪಿಸ್ಟನ್ನಿನ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ, ನಟ್ಟಿಗೂ ಬೋಲ್ಟಿಗೂ ನಡುವೆ, ಇದ್ದ ಅತ್ಯಲ್ಪ ಎಡೆಯಲ್ಲಿ ಅದು ಬೆಣೆಯಂತೆ ಉಬ್ಬಿ ಕೂರುತ್ತದೆ.

ಸಾಬರು ಮೊದಲು ನೋಡಿದ್ದು ಸೈಲೆನ್ಸರಿನ ಬಾಯಿಯನ್ನು. ಅದರ ಮುಚ್ಚಳವಿರಲಿಲ್ಲ. “ಶಾಸ್ತ್ರಿಗಳೇ, ಮಳೆ ಇಲ್ಲಿಂದಲೇ ಇಳಿದಿದೆ. ಆದರೆ ಮೂರೂ ಸಿಲಿಂಡರು ಹೋಗಿರಲಿಕ್ಕಿಲ್ಲ” ಎಂದರು. ನಿಂತ ಇಂಜಿನ್ನಿನಲ್ಲಿ ಹೊಗೆ ಹೊರಹೋಗುವ ವಾಲ್ವು ಯಾವ ಸಿಲಿಂಡರಿನಲ್ಲಿ ತೆರೆದಿರುವುದೋ ಅದಕ್ಕೇ ನೀರು ನುಗ್ಗುವುದು. ಉಳಿದವು ಬಹುಮಟ್ಟಿಗೆ ಕ್ಷೇಮ. ಆದರೆ ಒಂದು ಕಚ್ಚಿಕೊಂಡರೂ ಸಾಕು, ಒಂದೇ ಕ್ರ್ಯಾಂಕಿಗೆ ಕಟ್ಟಿದ ಉಳಿದೆರಡೂ ಅಲುಗಲಾರವು.

ಇಂಜಿನ್ನಿನ ತಳದ ತಿರುಪನ್ನು ಸಡಿಲಿಸಿದಾಗ ಮೊದಲು ಬಂದದ್ದು ನೀರು, ಆಮೇಲೆ ಎಣ್ಣೆ. ನೀರು ಎಣ್ಣೆಗಿಂತ ಭಾರವಾದುದರಿಂದ ತಳದಲ್ಲಿ ಕುಳಿತಿತ್ತು. ಸಾಬರ ಊಹೆ ದಿಟವಾಯಿತು.

ಬಲದ ತಪ್ಪು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಮರೆಮಾಚಲಾಗದು. ಸಾಬರು ಬರುವ ಮುನ್ನಾದಿನ ತಮ್ಮನ ಮಗನು ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ, “ದೊಡ್ಡಪ್ಪಾ, ಒಂದು ಕೈ ನೋಡಿಬಿಡಲೇ?” ಎಂದಾಗ ಹೂಂ ಎಂದವರು ನಾವೇ. ಸೈಲೆನ್ಸರನ್ನು ಹಿಡಿದಿದ್ದ ಬೋಲ್ಟು ಕಟ್ಟನೆ ಮುರಿದು ಅರ್ಧ ಒಳಗೇ ಉಳಿಯಿತು. ಆ ಮೊಂಡು ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು ವೆಲ್ಡಿಂಗ್ ಮಾಡಿಸಿ ಹೊರತೆಗೆಯಲು ಎರಡು ದಿನ ಹಿಡಿಯಿತು. ಹಿಂದಿನ ವರ್ಷವೇ ಯಾರೋ ಇದನ್ನು ದೊಡ್ಡ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರು ಹಾಕಿ ಎಳೆಯಿರೆಂದು ಸಲಹೆ ಕೊಟ್ಟಿದ್ದರಂತೆ. ಹಾಗೆ ಎಳೆದಿದ್ದರೆ ರಿಂಗುಗಳು ಚೂರಾಗಿ, ಕನೆಕ್ಟಿಂಗ್ ರಾಡು ಬಾಗಿ, ಗುಜರಿಯವನ ಮಾತೇ ನಿಜವಾಗುತ್ತಿತ್ತು.

ಸಾಬರ ಕ್ರಮವೇ ಬೇರೆ. ತುಕ್ಕು ಹಿಡಿದ ನಟ್ಟನ್ನು ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ, ಸುತ್ತಿಗೆಯಿಂದ ಹಗುರವಾಗಿ ಬಡಿದು, ಎಣ್ಣೆ ಬಿಟ್ಟು, ರಾತ್ರಿ ಹಾಗೆಯೇ ಬಿಡುವರು. ಬೆಳಗ್ಗೆ ಬಿಚ್ಚುವ ಮೊದಲು ಎಳೆಯಷ್ಟು ಬಿಗಿ ಮಾಡುವರು. ಬಿಗಿಯುವಾಗಲೂ ತುಕ್ಕಿನ ಪದರ ಒಡೆಯುತ್ತದೆ. ಅನಂತರ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡಿಸುವರು.

ಅದಕ್ಕೂ ಬಗ್ಗದಿದ್ದರೆ ಶಾಖ. ಲೋಟದ ನ್ಯಾಯ ಇಲ್ಲಿಯೂ ಒಂದೇ. ಕಾಯಿಸಬೇಕಾದದ್ದು ಹೊರಗಿನ ನಟ್ಟನ್ನು, ಒಳಗಿನ ಬೋಲ್ಟನ್ನಲ್ಲ. 12 ಮಿಲಿಮೀಟರ್ ಅಗಲದ ಉಕ್ಕಿನ ರಂಧ್ರವು 300 ಡಿಗ್ರಿಯಷ್ಟು ಕಾದರೆ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಸುಮಾರು ನಾಲ್ಕು ಭಾಗ ಮಾತ್ರ. ಆ ತೆಳುವಾದ ಎಡೆಯೇ ತುಕ್ಕಿನ ಹಿಡಿತವನ್ನು ಸಡಿಲಿಸಲು ಸಾಕಾಗುತ್ತದೆ. ಸಾಬರು ಡೀಸೆಲ್ ಟ್ಯಾಂಕನ್ನು ಇಳಿಸಿ ದೂರವಿಟ್ಟು, ಎಣ್ಣೆ ತೊಟ್ಟಿಕ್ಕುತ್ತಿದ್ದ ಭಾಗಗಳನ್ನೆಲ್ಲ ಒರೆಸಿದ ಮೇಲೆಯೇ ಬೆಂಕಿ ಹೊತ್ತಿಸಿದರು. ಎರಕದ ಕಬ್ಬಿಣದ ಭಾಗಗಳಿಗೆ ಕಾದಿರುವಾಗ ನೀರು ಹೊಯ್ಯಲು ಬಿಡಲಿಲ್ಲ, ಬಿರುಕು ಬಿಡುವುದೆಂದು.

ಹನ್ನೊಂದನೆಯ ಬೆಳಗ್ಗೆ

ಕಚ್ಚಿಕೊಂಡ ಪಿಸ್ಟನ್ನಿಗೆ ಬೆಂಕಿ ಸಲ್ಲದು. ಇಂಜೆಕ್ಟರುಗಳನ್ನು ಬಿಚ್ಚಿ, ಆ ರಂಧ್ರಗಳಿಂದ ಅಸಿಟೋನ್ ಮತ್ತು ಪವರ್ ಸ್ಟೀರಿಂಗಿಗೆ ಬಳಸುವ ತೆಳು ಎಣ್ಣೆಯನ್ನು ಸಮಪಾಲಿನಲ್ಲಿ ಬೆರೆಸಿ ಬಿಟ್ಟರು. ಅಸಿಟೋನ್ ಎಣ್ಣೆಯನ್ನು ಇನ್ನೂ ತೆಳುವಾಗಿಸಿ ಸಂದುಗಳೊಳಗೆ ಒಯ್ಯುತ್ತದೆ. ಬಲುಬೇಗ ಹೊತ್ತಿಕೊಳ್ಳುವ ದ್ರವವಾದುದರಿಂದ ಹತ್ತಿರ ಬೀಡಿ ಹಚ್ಚಲೂ ಬಿಡಲಿಲ್ಲ. ದಿನಕ್ಕೆರಡು ಬಾರಿ ಎಣ್ಣೆ, ಉದ್ದನೆಯ ಪಾನಾದಿಂದ ಕ್ರ್ಯಾಂಕಿಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೆಲ್ಲನೆಯ ಒತ್ತಡ. ಇಷ್ಟೇ ಕೆಲಸ.

ವಾರ ಕಳೆದರೂ ಅಲುಗಲಿಲ್ಲ. ಗಡುವು ಮುಗಿಯಿತೆಂದು ಗುಜರಿಯವನ ಗಾಡಿಯೂ ಬಾಗಿಲಿಗೆ ಬಂದಿತು. ತಮ್ಮನ ಮಗನು ತಂದೆಯ ಮುಖ ನೋಡಿದನು, ಗಾಡಿಯನ್ನು ಹಿಂದಕ್ಕೆ ಕಳುಹಿಸಿದನು. ಸಾಬರು ಸಿಲಿಂಡರ್ ಹೆಡ್ಡನ್ನು ತೆಗೆದರು. ನಡುವಿನ ಸಿಲಿಂಡರು ಕೆಂಪಾಗಿತ್ತು. ಅದರ ಪಿಸ್ಟನ್ನು ತೀರ ಮೇಲೆಯಾಗಲಿ ತೀರ ಕೆಳಗಾಗಲಿ ಇಲ್ಲದೆ ನಡುದಾರಿಯಲ್ಲಿ ನಿಂತಿದ್ದುದು ಪುಣ್ಯ. ತುತ್ತತುದಿಯಲ್ಲಿ ನಿಂತಿದ್ದರೆ ಬಡಿದ ಪೆಟ್ಟು ಕ್ರ್ಯಾಂಕನ್ನು ತಿರುಗಿಸದೆ ನೆಟ್ಟಗೆ ಅದರ ಮೇಲೆಯೇ ಬೀಳುತ್ತಿತ್ತು. ಗೋಡೆಯ ತುಕ್ಕನ್ನು ಒರೆಸಿ, ಪಿಸ್ಟನ್ನಿನ ನೆತ್ತಿಯ ಅಗಲಕ್ಕೆ ಸರಿಹೊಂದುವ ಮರದ ಕೊರಡನ್ನಿಟ್ಟು ಹಗುರವಾಗಿ ಬಡಿಯುತ್ತ ಬಂದರು. ಹನ್ನೊಂದನೆಯ ಬೆಳಗ್ಗೆ ಒಂದು ಸಣ್ಣ ಸದ್ದಾಯಿತು. ಪಾನಾ ಅಂಗುಲದಷ್ಟು ಸರಿಯಿತು. ಜಗಲಿಯಲ್ಲಿದ್ದ ತಮ್ಮನು ಕೋಲೂರಿ ಎದ್ದುಬಂದನು.

ಅಷ್ಟಕ್ಕೇ ಚಾಲೂ ಮಾಡಬಾರದು. ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ತಗಲುವ ಕುಳಿಗಳಿದ್ದುದರಿಂದ ಲೇತ್ ಅಂಗಡಿಯಲ್ಲಿ ನಯಮಾಡಿಸಿ ಹೊಸ ರಿಂಗು ಹಾಕಿಸಿದರು. ಎಣ್ಣೆಗಳನ್ನೆಲ್ಲ ಬದಲಾಯಿಸಿದರು. ಫ್ಲೈವೀಲಿಗೆ ಅಂಟಿದ್ದ ಕ್ಲಚ್ ಪ್ಲೇಟಿಗಾಗಿ ಪೆಡಲನ್ನು ಮರದ ತುಂಡಿನಿಂದ ಒತ್ತಿಹಿಡಿದು, ಗೇರಿನಲ್ಲಿಟ್ಟು ಟ್ರ್ಯಾಕ್ಟರನ್ನು ಹಿಂದೆಮುಂದೆ ತೂಗಿದರು. ಮೂರನೆಯ ದಿನ ಅದೂ ಬಿಟ್ಟಿತು.

ಈಗ ಆ ಪುಟ್ಟ ಯಂತ್ರವು ಅಡಿಕೆಯ ಸಾಲುಗಳ ನಡುವೆ ಓಡಾಡುತ್ತಿದೆ. ಮನೆಗಳಲ್ಲಿ ಹೀಗೆ ನಿಂತ ಯಂತ್ರಗಳಿದ್ದರೆ ವಾಚಕರು ಮೂರು ಮಾತು ನೆನಪಿಡಬೇಕು. ಇಂಜಿನ್ನು ತಿರುಗದಿದ್ದರೆ ಸ್ಟಾರ್ಟರನ್ನು ಒತ್ತಬೇಡಿ, ಹಗ್ಗ ಕಟ್ಟಿ ಎಳೆಯಬೇಡಿ. ಮೊದಲು ಎಣ್ಣೆಗೆ ಕಾಲಾವಕಾಶ ಕೊಡಿ. ಬೆಂಕಿಯ ಕೆಲಸವನ್ನು ಬಲ್ಲವರಿಗೇ ಬಿಡಿ. ಇನ್ನು ಕೆಡದಿರುವ ಯಂತ್ರವಾದರೆ ತಿಂಗಳಿಗೊಮ್ಮೆ ಚಾಲೂ ಮಾಡಿ ಬಿಸಿಯಾಗುವವರೆಗೆ ಓಡಿಸಿ.

ಹೊರಡುವ ದಿನ ನೋಡಿದೆವು. ಕೆಲಸ ಮುಗಿಸಿ ನಿಂತ ಟ್ರ್ಯಾಕ್ಟರಿನ ಸೈಲೆನ್ಸರಿಗೆ ತಮ್ಮನು ತಾನೇ ಹಾಲಿನಪುಡಿಯ ಹಳೆಯ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕುತ್ತಿದ್ದನು. ಆರು ಮಳೆಗಾಲದ ಹಿಂದೆ ಅದೊಂದು ಡಬ್ಬಿಯಿದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.